ಮೇಜಿನ ಕೆಳಗಿನ ಪೆಟ್ಟಿಗೆ

"ಓದ್ತಿದೀಯಾ?"

"ಇಲ್ಲ."

"ಕೆಲಸ?"

"ಹೊರಗೆಲ್ಲೂ ಇಲ್ಲ."

"ತರಬೇತಿ ಗಿರಬೇತಿ?"

"ಇಲ್ಲ."

"ಹಾಗಾದ್ರೆ ಸುಮ್ಮನಿದೀಯ," ಎಂದಳು ಸರ್ವೆಗೆ ಬಂದ ಹೆಂಗಸು. ಕೈಯಲ್ಲಿದ್ದ ಟ್ಯಾಬಿನ ಮೇಲೆ ಬೆರಳೊತ್ತಿದಳು.

ಕಡ್ಡಿ ಆಗ ಅಜ್ಜಿಯನ್ನು ಎಡಮಗ್ಗುಲಿಗೆ ಹೊರಳಿಸುತ್ತಿದ್ದಳು. ಅಜ್ಜಿಯ ಬೆನ್ನ ಹಿಂದೆ ಮೊಣಕಾಲೂರಿ, ಒಂದು ಕೈ ಹೆಗಲಿಗೆ, ಒಂದು ಕೈ ಸೊಂಟಕ್ಕೆ ಕೊಟ್ಟು, ಹಲ್ಲುಕಚ್ಚಿ ನೂಕುತ್ತಿದ್ದಳು. ಹಣೆಯ ಬೆವರು ಮೂಗಿನ ತುದಿಗೆ ಇಳಿದಿತ್ತು. ಒರೆಸಿಕೊಳ್ಳಲು ಮೂರನೇ ಕೈ ಇರಲಿಲ್ಲ.

"ಏನಂತ ಬರ್ಕೊಂಡ್ಳು?" ಅಜ್ಜಿ ಗೋಡೆಯ ಕಡೆ ಮುಖ ಮಾಡಿಕೊಂಡೇ ಕೇಳಿದಳು.

"ಸುಮ್ಮನಿದೀನಂತೆ."

"ಯಾರು, ನೀನಾ?" ಅಜ್ಜಿಗೆ ನಗು ಬಂತು. ಬಾಯಿಯ ಅರ್ಧ ಭಾಗ ಮಾತ್ರ ನಕ್ಕಿತು, ಇನ್ನರ್ಧಕ್ಕೆ ಶಕ್ತಿ ಇರಲಿಲ್ಲ. "ಏ ತಾಯಿ, ನಮ್ಮವ್ವ, ಸುಮ್ಮನೆ ಇರೋದು ನಾನು. ಅವಳಲ್ಲ. ನನ್ನ ಹೆಸರಿಗೆ ಹಾಕ್ಕೋ ಅದನ್ನ."

ಕಡ್ಡಿಗೆ ಇಪ್ಪತ್ತೊಂದು ವರ್ಷ. ಮೈಯಲ್ಲಿ ಮಾಂಸಕ್ಕಿಂತ ಮೂಳೆಯೇ ಹೆಚ್ಚು, ಅದಕ್ಕೇ ಆ ಹೆಸರು. ಅಜ್ಜಿ ಹಾಗಲ್ಲ. ಮೂವತ್ತು ವರ್ಷ ತೊಗಲು ಕಾರ್ಖಾನೆಯಲ್ಲಿ ಹಸಿ ಚರ್ಮ ತೊಳೆದ ಮೈ. ಒದ್ದೆ ಚರ್ಮವನ್ನು ಒಬ್ಬಳೇ ತೊಟ್ಟಿಯಿಂದ ಎಳೆದು ಹಾಕುತ್ತಿದ್ದವಳು. ನಾಲ್ಕು ವರ್ಷದ ಹಿಂದೆ ಅದೇ ತೊಟ್ಟಿಯ ಪಕ್ಕ ಕುಸಿದು ಬಿದ್ದಳು. ಲಕ್ವಕ್ಕೆ ಬಲಗೈ, ಬಲಗಾಲು ಹೋದವು. ನಾಲಿಗೆ ಮಾತ್ರ ಹೋಗಲಿಲ್ಲ.

ಆ ವರ್ಷ ಕಡ್ಡಿ ಕಾಲೇಜಿನ ಮೊದಲನೇ ವರ್ಷದಲ್ಲಿದ್ದಳು. ಅಮ್ಮನಿಗೂ ಅದೇ ಕಾರ್ಖಾನೆ. ಅಮ್ಮ ಮನೆಯಲ್ಲಿ ಕೂತರೆ ಒಲೆ ಹೊತ್ತುವುದಿಲ್ಲ. ಓದು ಬಿಡು ಎಂದು ಕಡ್ಡಿಗೆ ಯಾರೂ ಹೇಳಲಿಲ್ಲ. ಓದುತ್ತೀಯಾ ಎಂದೂ ಯಾರೂ ಕೇಳಲಿಲ್ಲ. ಒಂದು ದಿನ ಹೋಗಲಿಲ್ಲ. ಒಂದು ವಾರ ಹೋಗಲಿಲ್ಲ. ಆಮೇಲೆ ಕಾಲೇಜಿನವರು ಹೆಸರು ಹೊಡೆದು ಹಾಕಿದರು. ಯಾಕೆ ಬರಲಿಲ್ಲ ಎಂದು ಅವರೂ ಕೇಳಲಿಲ್ಲ.

ಅವತ್ತಿನಿಂದ ಇದೇ. ಬೆಳಗಾದರೆ ಬೀದಿಯ ನಲ್ಲಿಯಿಂದ ನೀರು. ಇಪ್ಪತ್ತೆರಡು ಮೆಟ್ಟಿಲು, ಎಂಟು ಕೊಡ. ಅಜ್ಜಿಯ ಕೆಳಗಿನ ಬಟ್ಟೆ ತೆಗೆಯಬೇಕು, ಒರೆಸಬೇಕು, ತೊಳೆಯಬೇಕು. ಹಲ್ಲುಜ್ಜಿಸಬೇಕು. ಗಂಜಿ ಎಡಗಡೆಯಿಂದಲೇ ಕುಡಿಸಬೇಕು, ಬಲಗಡೆಯಿಂದ ಕೊಟ್ಟರೆ ನೆತ್ತಿಗೇರುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ದಿನಕ್ಕೊಂದು ಸಲ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬೇಕು. ಹಿಮ್ಮಡಿಗೆ ಎಣ್ಣೆ ತಿಕ್ಕಬೇಕು. ನಾಲ್ಕು ವರ್ಷದಲ್ಲಿ ಅಜ್ಜಿಯ ಬೆನ್ನ ಮೇಲೆ ಒಂದೇ ಒಂದು ಹುಣ್ಣಿಲ್ಲ.

"ಇಲ್ಲಿ ಸಹಿ ಹಾಕು," ಎಂದು ಸರ್ವೆಯಾಕೆ ಟ್ಯಾಬು ಚಾಚಿದಳು.

"ಹಾಕಲ್ಲ."

"ಹಾಗಂದ್ರೆ ಹೇಗೆ?"

"ಸುಮ್ಮನಿದೀನಿ ಅಂತ ಬರೆದಿದೀರಲ್ಲ, ಅದಕ್ಕೆ ನಾನು ಸಹಿ ಹಾಕಲ್ಲ."

ಸರ್ವೆಯಾಕೆ ನಿಟ್ಟುಸಿರು ಬಿಟ್ಟು ಹೊಸ್ತಿಲ ಮೇಲೆ ಕೂತಳು. ಬೆಳಗಿನಿಂದ ಮೆಟ್ಟಿಲು ಹತ್ತಿ ಇಳಿದು ಅವಳ ಕಾಲೂ ಊದಿದ್ದವು. "ನೋಡಮ್ಮ, ಇದರಲ್ಲಿರೋದೇ ನಾಲ್ಕು ಖಾನೆ. ಓದು, ಕೆಲಸ, ತರಬೇತಿ, ಸುಮ್ಮನಿದ್ದಾರೆ. ಒಂದನ್ನ ಒತ್ತದಿದ್ರೆ ಮುಂದಕ್ಕೇ ಹೋಗಲ್ಲ. ನಾನೇನು ಮಾಡ್ಲಿ?"

"ಐದನೇದು ಮಾಡಿ."

"ಮಾಡೋ ಹಾಗಿದ್ರೆ ನಾನ್ಯಾಕೆ ಹೀಗೆ ಬಿಸಿಲಲ್ಲಿ ಅಲೀತಿದ್ದೆ?" ಎಂದು ಆಕೆ ನಕ್ಕಳು. ಕಡ್ಡಿ ಕೊಟ್ಟ ನೀರು ಕುಡಿದು, ಸ್ವಲ್ಪ ಹೊತ್ತು ಅಜ್ಜಿಯನ್ನೇ ನೋಡಿದಳು. ಆಮೇಲೆ ಹೇಳಿದಳು: "ಗುರುವಾರ ದೊಡ್ಡ ಸಭಾಂಗಣದಲ್ಲಿ ನಿಮ್ಮಂಥ ಹುಡುಗ ಹುಡುಗಿಯರಿಗೆ ಉದ್ಯೋಗ ಮೇಳ ಇದೆ. ಆಸ್ಪತ್ರೆಯವರೂ ಬರ್ತಾರೆ. ವಾರ್ಡಿನಲ್ಲಿ ರೋಗಿಗಳನ್ನ ನೋಡ್ಕೊಳ್ಳೋಕೆ ಜನ ಬೇಕಂತೆ. ಹೋಗು. ನಾನು ಹೇಳಿದೆ ಅಂತ ಹೇಳ್ಬೇಡ, ಹೇಳಿದ್ರೂ ನನ್ನನ್ನ ಯಾರೂ ಕೇಳಲ್ಲ."

ಗುರುವಾರ ಅಮ್ಮ ರಜೆ ಹಾಕಿದಳು. ಕಡ್ಡಿ ತಲೆ ಬಾಚಿ, ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟಳು. ಜೊತೆಗೆ ಇಬ್ಬರು. ಒಬ್ಬ ಪಂಕ್ಚರ್. ಸೈಕಲ್ ಅಂಗಡಿಯಲ್ಲಿ ಟ್ಯೂಬಿಗೆ ತೇಪೆ ಹಾಕುತ್ತಿದ್ದ, ಅಂಗಡಿ ಮುಚ್ಚಿದ ಮೇಲೂ ಹೆಸರು ಉಳಿದುಕೊಂಡಿತು. ಇನ್ನೊಬ್ಬಳು ಮೂಲೆಮನೆಯವಳು. ಅವಳ ಹತ್ತಿರ ಆರು ಸರ್ಟಿಫಿಕೇಟಿದ್ದವು. ಹೊಲಿಗೆ, ಕಂಪ್ಯೂಟರು, ಕೂದಲು ಕತ್ತರಿಸುವುದು, ಮೊಬೈಲ್ ರಿಪೇರಿ, ವ್ಯಕ್ತಿತ್ವ ವಿಕಸನ, ಮತ್ತೆ ಇನ್ನೊಂದು ಸಲ ಹೊಲಿಗೆ. ತರಬೇತಿ ಕೊಡುವವರಿಗೆ ಜನ ಬೇಕಾದಾಗಲೆಲ್ಲ ಅವಳನ್ನು ಕರೆಯುತ್ತಿದ್ದರು. ಫೋಟೋ ತೆಗೆದು, ಕಾಗದ ಕೊಟ್ಟು, ಕಳಿಸುತ್ತಿದ್ದರು. ಕೆಲಸಕ್ಕೆ ಕರೆದವರಿಲ್ಲ.

"ಏಳನೇದು ಬೇಡ ಅಂತ ಬೇಡ್ಕೊಂಡಿದೀನಿ," ಎಂದಳು ದಾರಿಯಲ್ಲಿ. "ಇಡೋಕೆ ಪೆಟ್ಟಿಗೇಲಿ ಜಾಗ ಇಲ್ಲ."

ಮೂವರೂ ನಗುತ್ತ ನಡೆದರು. ಕಡ್ಡಿಗೆ ನಗುವುದಕ್ಕಿಂತ ಹೆಚ್ಚಾಗಿ ನಡೆಯುವುದೇ ಖುಷಿ. ನೇರ ದಾರಿಯಲ್ಲಿ, ತಲೆಯ ಮೇಲೆ ಕೊಡವಿಲ್ಲದೆ, ಬೇಗ ಮನೆಗೆ ಓಡಬೇಕೆಂಬ ಹೆದರಿಕೆಯಿಲ್ಲದೆ ಅವಳು ನಡೆದು ಎಷ್ಟು ಕಾಲವಾಗಿತ್ತೋ.

ಸಭಾಂಗಣದ ಮುಂದೆ ಬ್ಯಾನರು ಕಟ್ಟಿದ್ದರು. "ಯುವಜನರೇ, ಬಾಗಿಲು ತೆರೆದಿದೆ." ಬಾಗಿಲು ಅರ್ಧ ಮುಚ್ಚಿತ್ತು. ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಮೂರು ಗಂಟೆ ಬಿಸಿಲಲ್ಲಿ ನಿಂತರು. ಅವರ ಬೀದಿಯವರೇ ಇನ್ನೂ ಹದಿನೈದಿಪ್ಪತ್ತು ಜನ ಅಲ್ಲಲ್ಲಿ ನಿಂತಿದ್ದರು. ಮುಂದಿದ್ದ ಹುಡುಗಿಯೊಬ್ಬಳು ಒಮ್ಮೆ ಹಿಂದೆ ತಿರುಗಿ ಮೂಗು ಮುರಿದು ಸ್ವಲ್ಪ ಮುಂದಕ್ಕೆ ಸರಿದಳು. ಕಡ್ಡಿಗೆ ಅರ್ಥವಾಯಿತು. ಕಾರ್ಖಾನೆಯ ವಾಸನೆ ಬೀದಿಯವರ ಬಟ್ಟೆಯಲ್ಲಿ, ಕೂದಲಲ್ಲಿ ಸೇರಿಕೊಂಡಿತ್ತು. ಅದು ಬೀದಿಯವರ ಮೂಗಿಗೆ ಹತ್ತುತ್ತಿರಲಿಲ್ಲ. ಬೇರೆಯವರ ಮುಖ ನೋಡಿದಾಗ ಗೊತ್ತಾಗುತ್ತಿತ್ತು.

ಒಳಗೆ ಉದ್ದನೆಯ ಮೇಜು. ಅರ್ಜಿ ತೆಗೆದುಕೊಳ್ಳುವ ಸಾಹೇಬರು ಕೆಳಗೆ ಗಾಲಿಯಿದ್ದ ಆಫೀಸು ಕುರ್ಚಿಯಲ್ಲಿ ತುಂಬಿ ಕೂತಿದ್ದರು. ದೊಡ್ಡ ದೇಹ, ಒಳ್ಳೆಯ ಇಸ್ತ್ರಿ. ಮೂಗಿಗೆ ಕರವಸ್ತ್ರ. ಪಕ್ಕದ ಮೇಜಿನಲ್ಲಿ ಆಸ್ಪತ್ರೆಯ ಹಿರಿಯ ನರ್ಸಮ್ಮ ಕೂತು, ಮುಂದೆ ಬಂದ ಅರ್ಜಿಗಳನ್ನು ಓದುತ್ತಿದ್ದಳು.

ಪಂಕ್ಚರ್ ತನ್ನ ಅರ್ಜಿ ಕೊಟ್ಟ. ಸಾಹೇಬರು ಹೆಸರು ಓದಲಿಲ್ಲ. ಬೆರಳು ನೇರವಾಗಿ ವಿಳಾಸಕ್ಕೆ ಹೋಯಿತು. ತೊಗಲು ಕಾರ್ಖಾನೆ ಹಿಂದಿನ ಬೀದಿ. ಕಾಗದ ಮೇಜಿನ ಕೆಳಗೆ ಹೋಯಿತು. ಮೂಲೆಮನೆಯವಳದ್ದೂ ಹಾಗೇ. ಕಡ್ಡಿಯದ್ದೂ ಹಾಗೇ. ಅವರ ಹಿಂದಿದ್ದ ಬೇರೆ ಬೀದಿಯ ಹುಡುಗನ ಅರ್ಜಿ ಮೇಜಿನ ಮೇಲಿನ ಟ್ರೇಗೆ ಬಿತ್ತು.

"ಸಾರ್, ನಮ್ದು ಯಾಕೆ ಕೆಳಗೆ?" ಕಡ್ಡಿ ಕೇಳಿದಳು.

"ಅದೂ ಫೈಲೇ ಕಣಮ್ಮ. ನಡಿ, ನಡಿ. ಕರೀತೀವಿ."

"ಯಾವಾಗ ಸಾರ್?"

"ಕರೀತೀವಿ ಅಂದ್ನಲ್ಲ."

ಕಡ್ಡಿ ನಡೆಯಲಿಲ್ಲ. ನಾಲ್ಕು ವರ್ಷ ಮಂಚದ ಕೆಳಗೆ ತೂರಿ ನೆಲ ಒರೆಸಿದವಳು. ಬಗ್ಗಿದಳು, ಮೇಜಿನ ಕೆಳಗೆ ತೂರಿದಳು. ಅಲ್ಲಿ ಬಿಸ್ಕತ್ತಿನ ಖಾಲಿ ರಟ್ಟಿನ ಪೆಟ್ಟಿಗೆ ಇತ್ತು. ತುಂಬ ಅರ್ಜಿಗಳು. ಮೇಲಿನವು ಇವತ್ತಿನವು. ಕೆಳಗಿನವು ಹಳದಿಗೆ ತಿರುಗಿದ್ದವು. ಒಂದನ್ನು ಹೊರಗೆಳೆದು ನೋಡಿದರೆ, ಮೇಲೆ ಟೀ ಲೋಟದ ದುಂಡು ಕಲೆ. ಕಲೆಯ ನಡುವೆ ಪಂಕ್ಚರನ ಮುಖ.

"ಏ, ಇದು ನಾನು!" ಎಂದ ಪಂಕ್ಚರ್. "ಹೋದ ವರ್ಷ ಕೊಟ್ಟಿದ್ದು! ಮೀಸೆ ಕೂಡ ಬಂದಿರಲಿಲ್ಲ ಆಗ!"

ಸಾಲಿನಲ್ಲಿದ್ದವರು ನಕ್ಕರು. ಬೀದಿಯವರು ನಗಲಿಲ್ಲ. ಅವರೆಲ್ಲ ಹೋದ ವರ್ಷವೂ ಅರ್ಜಿ ಕೊಟ್ಟಿದ್ದರು. ಅದರ ಹಿಂದಿನ ವರ್ಷವೂ ಕೊಟ್ಟಿದ್ದರು. ಕರೆ ಬರಲಿಲ್ಲವೆಂದು ಮನೆಯಲ್ಲಿ ಬೈಸಿಕೊಂಡಿದ್ದರು. ತಮ್ಮಲ್ಲೇ ಏನೋ ಊನ ಎಂದುಕೊಂಡಿದ್ದರು. ಕರೆಯುವವರು ಓದಿಯೇ ಇರಲಿಲ್ಲ.

"ಮುಟ್ಬೇಡ! ಸರ್ಕಾರಿ ಕಾಗದ ಅದು!" ಸಾಹೇಬರು ಕೂತಲ್ಲಿಂದಲೇ ಪಕ್ಕಕ್ಕೆ ಬಾಗಿ ಪೆಟ್ಟಿಗೆಗೆ ಕೈ ಹಾಕಿದರು. ಗಾಲಿ ಉರುಳಿ ಕುರ್ಚಿ ಹಿಂದಕ್ಕೆ ಜಾರಿತು. ಸಾಹೇಬರು ಮಂಡಿಯ ಮೇಲೆ ಬಿದ್ದರು. ಏಳಹೋದರು. ಸೊಂಟದಲ್ಲಿ ಏನೋ ಕಟ್ ಎಂದಿತು.

"ಅಯ್ಯಯ್ಯೋ!"

ಅಲ್ಲೇ ಸಿಕ್ಕಿಕೊಂಡರು. ಒಂದು ಕೈ ಪೆಟ್ಟಿಗೆಯ ಅಂಚಿನ ಮೇಲೆ, ಒಂದು ಕೈ ನೆಲದ ಮೇಲೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಇಬ್ಬರು ಕಾವಲುಗಾರರು ಓಡಿ ಬಂದು ಎರಡೂ ತೋಳು ಹಿಡಿದು ಎಳೆದರು. ಸಾಹೇಬರು ಹಾಕಿದ ಕೂಗು ಗೇಟಿನಾಚೆಗೂ ಕೇಳಿಸಿತು.

"ಎಳೀಬೇಡ್ರೋ!" ನರ್ಸಮ್ಮ ಎದ್ದು ಬಂದಳು. ಬರುವಷ್ಟರಲ್ಲಿ ಕಡ್ಡಿ ಸಾಹೇಬರ ಎದುರಿಗೆ ಕೂತಾಗಿತ್ತು. ನರ್ಸಮ್ಮ ಸುಮ್ಮನೆ ನಿಂತು ನೋಡಿದಳು.

"ಬಿಡು ಅವನನ್ನ, ಅಲ್ಲೇ ಇರ್ಲಿ!" ಎಂದು ಹಿಂದಿನಿಂದ ಯಾರೋ ಕೂಗಿದರು. ಕಡ್ಡಿಗೂ ಒಂದು ಗಳಿಗೆ ಹಾಗೇ ಅನಿಸಿತು. ಅನಿಸಲಿಲ್ಲ ಎಂದರೆ ಸುಳ್ಳು. ಇಲ್ಲೇ ಇರು, ನಮ್ಮ ಕಾಗದಗಳ ಜೊತೆ ಒಂದು ವರ್ಷ ನೀನೂ ಇರು ಎಂದು. ಆದರೆ ಎದುರಿಗಿದ್ದದ್ದು ನೋವುಣ್ಣುತ್ತಿದ್ದ ಮೈ. ಮೈಗಳ ಭಾಷೆ ಅವಳಿಗೆ ಗೊತ್ತಿತ್ತು.

"ಸಾರ್," ಎಂದಳು. "ಮುಟ್ಟಬಹುದಾ?"

ಕರವಸ್ತ್ರ ಎಲ್ಲೋ ಬಿದ್ದುಹೋಗಿತ್ತು. ಸಾಹೇಬರ ಕಣ್ಣಲ್ಲಿ ನೀರು. "ಮುಟ್ಟು ತಾಯಿ," ಎಂದರು. "ಮುಟ್ಟು!"

ಕಡ್ಡಿ ಹತ್ತಿರ ಸರಿದಳು. "ನನ್ನ ಕುತ್ತಿಗೆ ಹಿಡ್ಕೊಳ್ಳಿ. ತೀರಾ ಗಟ್ಟಿಯಾಗಿ ಬೇಡ, ಹದವಾಗಿ. ಎಡಗಾಲು ಮುಂದಕ್ಕೆ ಊರಿ. ನೋವಾದ್ರೆ ಅಲ್ಲೇ ಹೇಳಿ, ನಿಲ್ಲಿಸ್ತೀನಿ. ಉಸಿರು ಕಟ್ಟಬೇಡಿ. ನಾನು ನಿಮ್ಮನ್ನ ಎತ್ತಲ್ಲ ಸಾರ್, ನನ್ನ ಕೈಲಾಗಲ್ಲ. ನೀವೇ ಏಳ್ತೀರಿ. ನಾನು ಜೊತೆಗೆ ಬರ್ತೀನಿ."

ತನ್ನ ಮಂಡಿಯನ್ನು ಅವರ ಮಂಡಿಗೆ ಕೊಟ್ಟಳು. ಎರಡೂ ಕೈ ಬೆನ್ನ ಹಿಂದೆ ಹಾಕಿ ಹಿಡಿದಳು. ಹಿಂದಕ್ಕೊಮ್ಮೆ ತೂಗಿದಳು, ಮುಂದಕ್ಕೊಮ್ಮೆ ತೂಗಿದಳು. "ಒಂದು. ಎರಡು. ಈಗ." ಆ ದೊಡ್ಡ ದೇಹ ಕಡ್ಡಿಯ ಹೆಗಲ ಮೇಲೆ ಒರಗಿ, ತೊಗಲಿನ ವಾಸನೆಯ ಬಟ್ಟೆಗೆ ಮೂಗೊತ್ತಿಕೊಂಡು, ಮೆಲ್ಲಗೆ ಎದ್ದು ನಿಂತಿತು. ಗಾಲಿಯಿಲ್ಲದ ಕುರ್ಚಿಯೊಂದನ್ನು ಮೂಲೆಮನೆಯವಳು ಸರಿಯಾದ ಹೊತ್ತಿಗೆ ಅವರ ಹಿಂದೆ ತಂದಿಟ್ಟಳು. ಸಾಹೇಬರು ಕೂತರು.

ಸಭಾಂಗಣ ಚಪ್ಪಾಳೆ ಹೊಡೆಯಿತು. ಸಾಲಿನಲ್ಲಿ ಮುಂದಕ್ಕೆ ಸರಿದಿದ್ದ ಹುಡುಗಿಯೂ ಹೊಡೆದಳು.

"ಎಲ್ಲಿ ಕಲಿತೆ?" ನರ್ಸಮ್ಮ ಕೇಳಿದಳು.

"ಮನೇಲಿ. ಅಜ್ಜಿಗೆ ಲಕ್ವ ಹೊಡೆದಿದೆ."

"ಎಷ್ಟು ವರ್ಷ?"

"ನಾಲ್ಕು."

"ಬೆನ್ನಿಗೆ ಹುಣ್ಣು?"

"ಒಂದೂ ಇಲ್ಲ."

ನರ್ಸಮ್ಮ ಕಡ್ಡಿಯನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ವಾರ್ಡಿಗೆ ಬಂದವರು ಎರಡೇ ವಾರಕ್ಕೆ ಬೆನ್ನು ಹಿಡ್ಕೊಂಡು ಓಡ್ತಾರೆ," ಎಂದಳು. "ಇವಳ ಅರ್ಜಿ ಎಲ್ಲಿ?"

ಮೇಜಿನ ಪಕ್ಕದಲ್ಲಿದ್ದ ಗುಮಾಸ್ತ ಪೆಟ್ಟಿಗೆಯ ಕಡೆ ನೋಡಿದ. ಸಾಹೇಬರೇ ಕಣ್ಣುಮುಚ್ಚಿಕೊಂಡು, ಕೈ ಬೀಸಿ ಹೇಳಿದರು: "ಇವಳದ್ದು ಮೇಲಿಡಿ. ಮೊದಲು ಇವಳದ್ದು ಮೇಲಿಡಿ."

ಗುಮಾಸ್ತ ಬಗ್ಗಿ, ಹುಡುಕಿ, ಕಡ್ಡಿಯ ಅರ್ಜಿ ತೆಗೆದು ಟ್ರೇಯ ಮೇಲಿಟ್ಟ. ಎಲ್ಲ ಕಾಗದಗಳಿಗಿಂತ ಮೇಲೆ.

ಕೆಲಸ ಕಡ್ಡಿಯ ಕಣ್ಣೆದುರಿಗೇ ಇತ್ತು. ಕೈ ಚಾಚಿದರೆ ಸಾಕು. ಕೈ ಚಾಚಿದಳು. ಅರ್ಜಿ ಎತ್ತಿಕೊಂಡಳು. ಮತ್ತೆ ಬಗ್ಗಿ ಪೆಟ್ಟಿಗೆಯೊಳಗೆ ಹಾಕಿದಳು.

"ನಂದೊಂದೇ ಬೇಡ."

"ಏನು?" ಎಂದರು ಸಾಹೇಬರು.

"ಪೆಟ್ಟಿಗೆ ಪೂರ್ತಿ ಮೇಲೆ ಬರ್ಬೇಕು."

"ತಲೆ ಕೆಟ್ಟಿದ್ಯಾ ನಿಂಗೆ? ಸಿಕ್ಕಿದ್ದನ್ನ ತಗೊಂಡು ಹೋಗಮ್ಮ. ಎಲ್ಲರದ್ದೂ ನೋಡೋಕಾಗುತ್ತಾ?"

"ನಿಮ್ಮನ್ನ ಎಬ್ಬಿಸುವಾಗ ನಾನು ನಿಮ್ಮ ವಿಳಾಸ ಕೇಳಿದ್ನಾ ಸಾರ್?"

ಸಾಹೇಬರು ಮುಖ ತಿರುಗಿಸಿದರು. ಎದ್ದು ಹೋಗೋಣವೆಂದರೆ ಸೊಂಟ ಒಪ್ಪಲಿಲ್ಲ. ಕೂತೇ ಕೇಳಬೇಕಾಯಿತು.

ಕಡ್ಡಿ ಪೆಟ್ಟಿಗೆಯನ್ನು ಎಳೆದು, ಎತ್ತಿ, ಮೇಜಿನ ಮೇಲೆ ದಬ್ ಎಂದು ಇಟ್ಟಳು. ಟೀ ಲೋಟ ಹಾರಿ ಬಿತ್ತು. "ಇದನ್ನ ಓದಿ," ಎಂದಳು. "ಬೇಡ ಅನ್ನೋದಾದ್ರೆ ಓದಿ ಬೇಡ ಅನ್ನಿ. ಓದದೇ ಬೇಡ ಅನ್ನಬೇಡಿ. ಇವರೆಲ್ಲ ಮನೇಲಿ ಕೂತು ನಮಗೆ ಯೋಗ್ಯತೆ ಇಲ್ಲ ಅಂದ್ಕೊಂಡಿದ್ರು. ನೀವು ಅದರ ಮೇಲೆ ಟೀ ಲೋಟ ಇಡ್ತಿದ್ರಿ."

ಪಂಕ್ಚರ್ ನೆಲದ ಮೇಲೆ ಕೂತ. ಮೂಲೆಮನೆಯವಳು ಕೂತು, ಆರೂ ಸರ್ಟಿಫಿಕೇಟುಗಳನ್ನು ಮುಂದೆ ಸಾಲಾಗಿ ಹರಡಿದಳು. ಸಾಲಿನಲ್ಲಿದ್ದ ಬೀದಿಯವರು ಒಬ್ಬೊಬ್ಬರೇ ಬಂದು ಕೂತರು. ಕಾವಲುಗಾರರು ಸಾಹೇಬರ ಮುಖ ನೋಡಿದರು. ಸಾಹೇಬರು ಸೂರು ನೋಡಿದರು.

ಅಷ್ಟರಲ್ಲಿ ಒಂದು ತಮಾಷೆಯಾಯಿತು. ಟ್ರೇಗೆ ಅರ್ಜಿ ಬಿದ್ದಿದ್ದ ಆ ಬೇರೆ ಬೀದಿಯ ಹುಡುಗ ಮುಂದೆ ಬಂದ. ತನ್ನ ಅರ್ಜಿ ಹುಡುಕಿ ತೆಗೆದ. ಪೆಟ್ಟಿಗೆಯೊಳಗೆ ಹಾಕಿ, "ನಂದೂ ಇದರಲ್ಲೇ ಇರ್ಲಿ," ಎಂದು ಪಂಕ್ಚರನ ಪಕ್ಕ ಕೂತ. ಅವನ ಹಿಂದೆ ಇನ್ನಿಬ್ಬರು ಬಂದರು. ಆಮೇಲೆ ಮೂಗು ಮುರಿದಿದ್ದ ಹುಡುಗಿ. ಟ್ರೇ ಅರ್ಧ ಖಾಲಿಯಾಯಿತು. ಪೆಟ್ಟಿಗೆ ಉಕ್ಕಿತು.

ನರ್ಸಮ್ಮ ಜೋರಾಗಿ ನಕ್ಕಳು. ಕನ್ನಡಕ ಏರಿಸಿಕೊಂಡು, ಕುರ್ಚಿ ಎಳೆದುಕೊಂಡು ಪೆಟ್ಟಿಗೆಯ ಮುಂದೆ ಕೂತಳು. "ಆಸ್ಪತ್ರೆಗೆ ಜನ ಬೇಕಾಗಿರೋದು ನಂಗೆ. ನಾನೇ ಓದ್ತೀನಿ. ಮೈಕು ಕೊಡಿ ಇಲ್ಲಿ."

ತಳದಿಂದ ಶುರುಮಾಡಿದಳು. ಎಲ್ಲಕ್ಕಿಂತ ಹಳೆಯ ಅರ್ಜಿಯಿಂದ. ಒಂದೊಂದೇ ಹೆಸರು ಕೂಗಿದಳು. ಬೀದಿಯವರ ಹೆಸರು ಮೈಕಿನಲ್ಲಿ ಬಂದದ್ದು ಅದೇ ಮೊದಲು. ಹೆಸರು ಕರೆದಾಗ ಕೆಲವರಿಗೆ ಅದು ತಮ್ಮದೆಂದು ತಕ್ಷಣ ಹೊಳೆಯಲೇ ಇಲ್ಲ. ಪಕ್ಕದವರು ತಿವಿದು ಎಬ್ಬಿಸಿದರು. ಪ್ರತಿಯೊಬ್ಬರಿಗೂ ಆಕೆ ಕೇಳಿದ್ದು ಒಂದೇ ಪ್ರಶ್ನೆ: "ಇಷ್ಟು ದಿನ ಏನು ಮಾಡ್ತಿದ್ದೆ?" ಸುಮ್ಮನಿದ್ದೆ ಎಂದು ಒಬ್ಬರೂ ಹೇಳಲಿಲ್ಲ. ತಂಗಿಯರನ್ನು ಬೆಳೆಸುತ್ತಿದ್ದೆ ಎಂದವರಿದ್ದರು. ಕುಡುಕ ಅಪ್ಪನನ್ನು ಮನೆಗೆ ಕರೆತರುತ್ತಿದ್ದೆ ಎಂದವನಿದ್ದ. ನೀರು ಹೊರುತ್ತಿದ್ದೆ, ಚರಂಡಿ ಬಳಿಯುತ್ತಿದ್ದೆ, ಮದುವೆ ಮನೆಗಳಲ್ಲಿ ಪಾತ್ರೆ ತಿಕ್ಕುತ್ತಿದ್ದೆ. ನರ್ಸಮ್ಮ ಎಲ್ಲವನ್ನೂ ಅನುಭವದ ಖಾನೆಯಲ್ಲಿ ಬರೆದುಕೊಂಡಳು. ಕಡ್ಡಿಯದ್ದು ಬಂದಾಗ ಪೆನ್ನನ್ನು ಸಾಹೇಬರ ಕೈಗೆ ಕೊಟ್ಟಳು. "ಇದನ್ನ ನೀವೇ ಬರೀರಿ. ನಿಮಗೇ ಅಲ್ವಾ ಚೆನ್ನಾಗಿ ಗೊತ್ತಿರೋದು?"

ಸಾಹೇಬರು ಬರೆದರು. ಅನುಭವ, ನಾಲ್ಕು ವರ್ಷ. ಅಕ್ಷರ ಸ್ವಲ್ಪ ಸೊಟ್ಟಗಿತ್ತು, ಸೊಂಟದ ನೋವಿಗೆ ಇರಬೇಕು.

ಎಲ್ಲರಿಗೂ ಕೆಲಸ ಸಿಕ್ಕಿತು ಎಂದರೆ ನಂಬಬೇಡಿ. ಒಂಬತ್ತು ಜನಕ್ಕೆ ಸಿಕ್ಕಿತು. ಕಡ್ಡಿ ವಾರ್ಡಿಗೆ. ಮೂಲೆಮನೆಯವಳು ಹೊರರೋಗಿಗಳ ಚೀಟಿ ಬರೆಯುವಲ್ಲಿಗೆ, ಕಂಪ್ಯೂಟರ್ ಸರ್ಟಿಫಿಕೇಟು ಕೊನೆಗೂ ಉಪಯೋಗಕ್ಕೆ ಬಂತು. ಪಂಕ್ಚರನಿಗೆ ಗಾಲಿ ಕುರ್ಚಿ, ಸ್ಟ್ರೆಚರುಗಳ ಗಾಲಿ ನೋಡಿಕೊಳ್ಳುವ ಕೆಲಸ. "ಎಲ್ಲಾ ಗಾಳಿ ಇಲ್ಲದ ಗಟ್ಟಿ ರಬ್ಬರು," ಎಂದು ಅವನು ಮೊದಲ ದಿನವೇ ಬೇಜಾರು ಮಾಡಿಕೊಂಡ. ಉಳಿದವರಿಗೆ ಕಾರಣ ಬರೆದ ಪತ್ರ ಬಂತು. ಇಲ್ಲ ಎಂದೇ ಬರೆದಿತ್ತು ಹೆಚ್ಚಿನವುಗಳಲ್ಲಿ. ಆದರೂ ಬೀದಿಯವರು ಆ ಪತ್ರಗಳನ್ನು ಒಬ್ಬರಿಗೊಬ್ಬರು ತೋರಿಸಿಕೊಂಡರು. ಯಾರೋ ಓದಿ ಇಲ್ಲ ಎಂದಿದ್ದರಲ್ಲ. ಜಗಳವಾಡುವುದಕ್ಕೆ ಈಗ ಕೈಯಲ್ಲೊಂದು ಕಾಗದವಿತ್ತು, ಮರುವಾರವೇ ನಾಲ್ವರು ಅದನ್ನು ಹಿಡಿದು ಕಚೇರಿಗೆ ಹೋದರು.

ಕೆಲಸ ಸಿಕ್ಕಿದ್ದೇನೋ ಸರಿ, ಅಜ್ಜಿಯನ್ನು ಹೊರಳಿಸುವವರು ಯಾರು? ಕಡ್ಡಿ ಎರಡು ದಿನ ಊಟ ಬಿಟ್ಟು ಯೋಚಿಸಿದಳು. ಹೋಗುವುದಿಲ್ಲ ಎಂದು ಅಮ್ಮನಿಗೆ ಹೇಳಿಯೂಬಿಟ್ಟಳು. ಅಜ್ಜಿ ಎಡಗೈಯಲ್ಲಿ ಲೋಟ ಎತ್ತಿ ಎಸೆದಳು.

"ನನ್ನ ಹೆಸರು ಹೇಳ್ಕೊಂಡು ಮನೇಲಿ ಕೂತೆ ಅಂದ್ರೆ ನೋಡು! ಕರಿ ಆ ಮೂವರನ್ನ. ಪತ್ರ ಹಿಡ್ಕೊಂಡು ಅಳ್ತಾ ಇದಾರಲ್ಲ, ಆ ಇಬ್ಬರು ಹುಡುಗೀರು, ಆ ಕೆಳಮನೆ ದಾಂಡಿಗ. ಮುಂದಿನ ಸಲ ನರ್ಸಮ್ಮ ಕೇಳಿದ್ರೆ ಅವರಿಗೂ ಹೇಳೋಕೆ ಏನಾದ್ರೂ ಬೇಡ್ವಾ? ನನ್ನ ಮೈ ಇದೆ, ಕಲೀಲಿ."

ಕೆಳಮನೆ ದಾಂಡಿಗ ಮೊದಲು ಮುಖ ಸಿಂಡರಿಸಿದ. "ಇದೆಲ್ಲಾ ಹೆಂಗಸರ ಕೆಲಸ ಅಜ್ಜಿ."

"ಗಂಡಸರ ಕೆಲಸ ಎಲ್ಲಿದೆಯೋ ನಿಂಗೆ? ಇದ್ರೆ ಹೋಗು."

ಅವನು ಹೋಗಲಿಲ್ಲ.

ಮೊದಲನೇ ದಿನ ಕಡ್ಡಿ ವಾರ್ಡಿನಲ್ಲಿ ಹನ್ನೊಂದು ಜನರನ್ನು ಹೊರಳಿಸಿದಳು, ನಾಲ್ವರಿಗೆ ಸ್ನಾನ ಮಾಡಿಸಿದಳು, ಏಳಲು ಹೆದರುತ್ತಿದ್ದ ಮುದುಕನೊಬ್ಬನನ್ನು ಕಿಟಕಿಯ ತನಕ ನಡೆಸಿದಳು. ಹೆಗಲು ನೋಯುತ್ತಿತ್ತು. ಒಳಗೆಲ್ಲೋ ಹಾಡಿಕೊಳ್ಳುವಂತೆಯೂ ಇತ್ತು. ಆದರೆ ಮಧ್ಯಾಹ್ನ ಊಟಕ್ಕೆ ಕೂತವಳು ಡಬ್ಬಿ ಮುಚ್ಚಿಟ್ಟಳು. ಗಂಜಿ ಎಡಗಡೆಯಿಂದ ಕೊಟ್ಟರೋ ಇಲ್ಲವೋ? ಮಗ್ಗುಲು ಬದಲಿಸಿದರೋ? ಅಜ್ಜಿ ಅಳುತ್ತಿದ್ದಾಳೋ? ಓಡಿ ಹೋಗಿ ಫೋನು ಹಚ್ಚಿದಳು.

ಕೆಳಮನೆಯವನು ಫೋನೆತ್ತಿ ಅಜ್ಜಿಯ ಕಿವಿಗೆ ಹಿಡಿದ. ಹಿಂದೆ ಯಾರೋ ಏದುಸಿರು ಬಿಡುತ್ತಿದ್ದರು, ಯಾರೋ ಬಿದ್ದುಬಿದ್ದು ನಗುತ್ತಿದ್ದರು.

"ಅಜ್ಜೀ, ಹೇಗಿದೀಯಾ? ಊಟ ಆಯ್ತಾ? ನಿನ್ನ ಬೆನ್ನು..."

"ಏ ದಾಂಡಿಗ, ಮಂಡಿ ಕೊಡೋ, ಮಂಡಿ! ನಾನೇನು ಅಕ್ಕಿ ಮೂಟೆನಾ?" ಅಜ್ಜಿ ಗದರಿದಳು. ಆಮೇಲೆ ಫೋನಿಗೆ ಹೇಳಿದಳು: "ಏನೇ ಅದು? ಬೇಗ ಹೇಳಿ ಇಡು. ನಾನು ಕೆಲಸದಲ್ಲಿದೀನಿ."